ಗುಳಿಗೆಯೋ, ಗ್ರೌಂಡೋ?

ದಾವಣಗೆರೆಯ ಓದುಗರೊಬ್ಬರ ಪತ್ರದ ಸಾರ: ನನ್ನ ತಮ್ಮ ಎರಡನೇ ಪಿಯುಸಿ ಓದುತ್ತಿದ್ದಾನೆ. ಪರೀಕ್ಷೆ ಹತ್ತಿರ ಬಂತೆಂದು ಮನೆಯವರು ಅವನ ವಾಲಿಬಾಲ್ ಬಿಡಿಸಿದರು. ಈಗ ಅವನಿಗೆ ನಿದ್ದೆಯಿಲ್ಲ, ಮಾತಿಲ್ಲ. ಮನೋವೈದ್ಯರು ಖಿನ್ನತೆ ಎಂದು ಗುಳಿಗೆ ಕೊಟ್ಟಿದ್ದಾರೆ. ಅಪ್ಪ ಮಾತ್ರ, “ಗುಳಿಗಿ ಬಿಡ್ಸು, ದಿನಾ ಫೀಲ್ಡ್‌ನಾಗ ನಾಕು ರೌಂಡ್ ಓಡ್ಲಿ, ಎಲ್ಲಾ ಸರಿಹೋಕ್ಕತಿ” ಎನ್ನುತ್ತಾರೆ. ಯಾರ ಮಾತು ಕೇಳುವುದು?

ಸಂಪಾದಕರ ಉತ್ತರ:

ನಿಮ್ಮ ತಂದೆಯವರ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಖಿನ್ನತೆಯಿದ್ದ 156 ಮಂದಿಯನ್ನು ಮೂರು ಗುಂಪು ಮಾಡಿದ್ದರು. ಒಂದಕ್ಕೆ ಗುಳಿಗೆ, ಒಂದಕ್ಕೆ ವ್ಯಾಯಾಮ, ಮತ್ತೊಂದಕ್ಕೆ ಎರಡೂ. 16 ವಾರ ಕಳೆಯುವಷ್ಟರಲ್ಲಿ ಮೂರೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಮಟ್ಟಿಗೆ ಚೇತರಿಸಿಕೊಂಡಿದ್ದರು. ಇಲ್ಲಿಗೇ ಓದು ನಿಲ್ಲಿಸಿದರೆ ಅಪ್ಪ ಗೆದ್ದಂತೆ! ಆದರೆ ಅವರೆಲ್ಲ 50 ವರ್ಷ ಮೇಲ್ಪಟ್ಟವರು. ಗುಳಿಗೆ ತೆಗೆದುಕೊಂಡವರಿಗೆ ಗುಣ ಬೇಗ ಕಂಡಿತ್ತು. ಅಲ್ಲದೆ ವ್ಯಾಯಾಮದವರು ವಾರಕ್ಕೆ ಮೂರು ದಿನ ಒಟ್ಟಿಗೆ ಸೇರಿ, ಮೇಲ್ವಿಚಾರಕರ ಕಣ್ಣೆದುರು ಬೆವರು ಹರಿಸುತ್ತಿದ್ದರು. ಅವರನ್ನು ಮೇಲೆತ್ತಿದ್ದು ಓಟವೋ, ಜೊತೆಗಿದ್ದ ಜನವೋ, ಬಿಡಿಸಿ ಹೇಳುವುದು ಕಷ್ಟ. ಹುಡುಗನನ್ನು ನಸುಕಿನಲ್ಲಿ ಎಬ್ಬಿಸಿ ಒಬ್ಬನನ್ನೇ ಓಡಿಸುವುದು ಬೇರೆಯೇ ಸಂಗತಿ.

ನಮ್ಮ ರಾಬಿನ್ ಉತ್ತಪ್ಪ ಅವರನ್ನೇ ನೋಡಿ. 2007ರಲ್ಲಿ ಟಿ20 ವಿಶ್ವಕಪ್ ಗೆದ್ದ ತಂಡದಲ್ಲಿದ್ದವರು. 2009ರಿಂದ 2011ರ ನಡುವೆ ತಮ್ಮನ್ನು ಆತ್ಮಹತ್ಯೆಯ ಯೋಚನೆ ಕಾಡುತ್ತಿತ್ತು ಎಂದು 2020ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಕ್ರಿಕೆಟ್ ಅವರ ಮನಸ್ಸನ್ನು ಅದರಿಂದ ಆಚೆ ಎಳೆಯುತ್ತಿತ್ತಂತೆ. ಪಂದ್ಯವಿಲ್ಲದ ದಿನಗಳೇ ಕಠಿಣವಾಗಿದ್ದವಂತೆ. ಆಟ ಕೈಹಿಡಿದದ್ದೂ ನಿಜ, ಅದೊಂದೇ ಸಾಲದೆ ಹೋದದ್ದೂ ನಿಜ.

ನಿಮ್ಮ ತಮ್ಮನ ಕಾಯಿಲೆಗೆ ವಾಲಿಬಾಲ್ ಬಿಡಿಸಿದ್ದೇ ಕಾರಣ ಎಂದು ನಾನು ಹೇಳಲಾರೆ. ಆದರೂ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ಸಾಲೇ. “ಲಿಫ್ಟ್ ಮಾಡೋ” ಎಂದು ಕೂಗುವ ಗೆಳೆಯರು, ಪಾಯಿಂಟ್ ಹೋದಾಗಿನ ಬೈಗುಳ, ಆಟ ಮುಗಿದ ಮೇಲಿನ ಹರಟೆ, ಎಲ್ಲ ಒಟ್ಟಿಗೇ ಹೋಯಿತಲ್ಲ! ನಾಲ್ಕು ರೌಂಡ್ ಓಡಿದರೆ ಅದು ವಾಪಸ್ ಬರುವುದಿಲ್ಲ. ಸಂಜೆಯ ಒಂದು ಗಂಟೆಯಿಂದ ಪರೀಕ್ಷೆ ಕೈತಪ್ಪುತ್ತದೆ ಎಂಬ ಲೆಕ್ಕವೂ ನನಗೆ ಒಪ್ಪಿಗೆಯಿಲ್ಲ.

ಹಾಗೆಂದು “ನಾಳೆಯಿಂದ ಆಡಲು ಹೋಗು” ಎಂದು ಹುಕುಂ ಮಾಡಬೇಡಿ. ಖಿನ್ನತೆ ಮೊದಲು ಕಸಿಯುವುದೇ ಎದ್ದು ಹೊರಡುವ ಚೈತನ್ಯವನ್ನು. ಗೆಳೆಯರಲ್ಲಿ ಒಬ್ಬಿಬ್ಬರಿಗೆ ಮನೆಗೆ ಬಂದು ಕರೆಯಲು ಹೇಳಿ. ಕೋರ್ಟಿನ ಪಕ್ಕ ಹತ್ತು ನಿಮಿಷ ಕೂತು ವಾಪಸ್ ಬಂದರೂ ಆಯಿತು. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ, 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ದೈಹಿಕ ಚಟುವಟಿಕೆ ಬೇಕು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯನ್ನು ಸದ್ಯಕ್ಕೆ ಬದಿಗಿಡಿ.

ಗುಳಿಗೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ಅದರ ಗುಣ ಕಾಣಲು ಕೆಲವು ವಾರಗಳೇ ಬೇಕು, ತಟ್ಟನೆ ಬಿಟ್ಟರೆ ತೊಂದರೆಯಾಗಬಹುದು. ಸಾಯುವ ಮಾತು ಅವನ ಬಾಯಲ್ಲಿ ಬಂದರೆ ತಡಮಾಡದೆ ವೈದ್ಯರ ಬಳಿ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲುರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಮುಂದಿನ ಸಲ ಡಾಕ್ಟರ ಬಳಿ ಹೋಗುವಾಗ ಅಪ್ಪನನ್ನೂ ಕರೆದುಕೊಂಡು ಹೋಗಿ. ಗುಳಿಗೆ ಎಷ್ಟು ದಿನ, ಆಟ ಯಾವಾಗಿಂದ ಎಂದು ಅವರೇ ಕೇಳಲಿ.