ಕಡಲಂಚಿನ ಗುಡ್ಡದ ಮೇಲೆ ಬೇಸಿಗೆಯ ಗಾಳಿ, ಮಂಜು, ಹಕ್ಕಿ

ಪ್ರಶ್ನೆ: ಕಡಲಿಗೆ ಗೋಡೆಯಂತೆ ನಿಂತ ಗುಡ್ಡದ ನೆತ್ತಿಯಲ್ಲಿ ಕೈಗಾಳಿಮಾಪಕ ಹಿಡಿದು ಬೇಸಿಗೆ ಆರಂಭದ ಗಾಳಿ ಅಳೆಯುತ್ತಿದ್ದೇನೆ. ಅಂಚಿನಲ್ಲಿ ಒಂದು ಅಳತೆ, ಹತ್ತು ಹೆಜ್ಜೆ ಹಿಂದೆ ಇನ್ನೊಂದು. ಯಾವುದು ಸರಿ?

ಉತ್ತರ: ಎರಡೂ ಸರಿಯಲ್ಲ. ಕಡಲ ಗಾಳಿ ಬಂಡೆಗೆ ಬಡಿದು ಮೇಲಕ್ಕೇಳುತ್ತದೆ, ಅಂಚು ದಾಟುವಾಗ ರಭಸ ಹೆಚ್ಚಿಸಿಕೊಳ್ಳುತ್ತದೆ. ಆದರೆ ದಾಟಿದ ಮೇಲೆ ನೆಲ ಹಿಡಿದು ಹರಿಯದೆ ಮೇಲಿಂದಲೇ ಹೋಗಿಬಿಡುತ್ತದೆ. ಅದರ ಕೆಳಗೆ, ಅಂಚಿಗೆ ತುಸು ಹಿಂದೆ, ಒಂದು ಸುಳಿ ಉಳಿಯುತ್ತದೆ. ಅಲ್ಲಿ ಗಾಳಿ ಸತ್ತಂತಿರಬಹುದು, ಕಡಲ ಕಡೆಗೇ ತಿರುಗಿ ಬೀಸಲೂಬಹುದು. ಒಂದು ಹಿಡಿ ಒಣಹುಲ್ಲು ತೂರಿ ನೋಡಿ: ಹುಲ್ಲು ಕಡಲತ್ತ ಸರಿಯುತ್ತಿರುವಾಗಲೇ ತಲೆಯ ಮೇಲೆ ಹದ್ದು ರೆಕ್ಕೆ ಬಡಿಯದೆ ನಿಂತಿರುತ್ತದೆ. ಅದು ನಿಂತಿರುವುದು ಆ ಏರುಗಾಳಿಯ ಮೇಲೆ.

ಅಳೆಯಲು ಅಂಚಿನಿಂದ ಗುಡ್ಡದ ಎತ್ತರದ ಹಲವು ಪಟ್ಟು ಒಳಗೆ, ಮರ-ಗೋಡೆಗಳಿಲ್ಲದ ಬಯಲಿಗೆ ಬನ್ನಿ. ಮಾಪಕವನ್ನು ತಲೆಗಿಂತ ಮೇಲೆ ಹಿಡಿದು ಎರಡು ನಿಮಿಷದ ಸರಾಸರಿ ಬರೆಯಿರಿ, ಬೀಸಿನ ಗರಿಷ್ಠ ವೇಗವನ್ನು ಬೇರೆಯಾಗಿ ಬರೆಯಿರಿ. ಹವಾಮಾನ ಕೇಂದ್ರಗಳು 10 ಮೀಟರ್ ಎತ್ತರದಲ್ಲಿ ಅಳೆಯುವುದರಿಂದ ನಿಮ್ಮ ಅಂಕಿ ಸ್ವಲ್ಪ ಕಡಿಮೆಯೇ ಬರುತ್ತದೆ.

ಆಮೇಲೆ ಕಡಲನ್ನೇ ಸಾಕ್ಷಿಗೆ ಕರೆಯಿರಿ. ಕಡಲ ರೂಪ ನೋಡಿಯೇ ಗಾಳಿಯ ಬಲ ಅಂದಾಜಿಸುವ ಬ್ಯೂಫೋರ್ಟ್ ಶ್ರೇಣಿಯಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ನೊರೆತಲೆ ಕಂಡರೆ 3ನೇ ಬಲ, ಗಂಟೆಗೆ 12ರಿಂದ 19 ಕಿ.ಮೀ.; ಆಗಾಗ ಕಂಡರೆ 4, ಅಂದರೆ 20ರಿಂದ 28. ನೋಡಬೇಕಾದ್ದು ದೂರದ ನೀರು. ಬುಡದಲ್ಲಿ ಬಂಡೆಗೆ ಬಡಿದು ಮರಳುವ ಅಲೆಗಳು ಎಲ್ಲವನ್ನೂ ಕಲಸಿಬಿಡುತ್ತವೆ. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಮೂರರ ಸುಮಾರಿಗೆ ಇನ್ನೊಂದು ಸಲ ಬರೆದರೆ ಕಡಲ ಗಾಳಿಯ ಏರಿಳಿತ ಸಿಗುತ್ತದೆ. ನೆಲ ಬೇಗ ಕಾಯುತ್ತದೆ, ನೀರು ನಿಧಾನ. ಬೇಸಿಗೆಯ ಆರಂಭದಲ್ಲಿ ಈ ಅಂತರ ದೊಡ್ಡದಿರುವುದರಿಂದ ಇದನ್ನು ನೋಡಲು ಇದೇ ಒಳ್ಳೆಯ ಕಾಲ.

ಪ್ರಶ್ನೆ: ಬಿಸಿಲಿದ್ದ ದಿನವೂ ಇದ್ದಕ್ಕಿದ್ದಂತೆ ಮಂಜು ಕವಿಯುವುದೇಕೆ?

ಉತ್ತರ: ಬೆಚ್ಚನೆಯ ತೇವದ ಗಾಳಿ ಇನ್ನೂ ತಣ್ಣಗಿರುವ ನೀರಿನ ಮೇಲೆ ಹಾದಾಗ ತೇವ ಹನಿಗಟ್ಟುತ್ತದೆ. ಹೀಗೆ ಕಡಲ ಮೇಲೆ ಮಲಗಿದ್ದ ಮಂಜನ್ನು ಕಡಲ ಗಾಳಿ ದಡಕ್ಕೆ ತಳ್ಳುತ್ತದೆ. ದಿಗಂತದ ಗೆರೆ ಮಸುಕಾಗಿ, ಅದರ ಜಾಗದಲ್ಲಿ ಬಿಳಿ ಪಟ್ಟಿ ಕಂಡರೆ ಆಗಲೇ ಅಂಚು ಬಿಟ್ಟು ಹಿಂದೆ ಬನ್ನಿ. ಕವಿದ ಮೇಲೆ ನಡೆದಾಡಬೇಡಿ. ಗುಡುಗು ಕೇಳಿದರಂತೂ ನೆತ್ತಿಯಿಂದ ಇಳಿದುಬಿಡಿ.

ಪ್ರಶ್ನೆ: 30 ಮೀಟರ್ ಎತ್ತರದಿಂದ ದಿಗಂತ ಎಷ್ಟು ದೂರ?

ಉತ್ತರ: ಕಣ್ಣಿನ ಎತ್ತರದ ವರ್ಗಮೂಲವನ್ನು 3.6ರಿಂದ ಗುಣಿಸಿ: ಸುಮಾರು 20 ಕಿ.ಮೀ. ವಾತಾವರಣ ಬೆಳಕನ್ನು ಬಾಗಿಸುವುದರಿಂದ ಸಾಮಾನ್ಯವಾಗಿ ಇನ್ನೊಂದು ಕಿ.ಮೀ. ಆಚೆಗೂ ಕಾಣುತ್ತದೆ.

ಪ್ರಶ್ನೆ: ಬಂಡೆಯ ಗೂಡುಗಳನ್ನು ನೋಡಲು ಯಾವ ಬೈನಾಕ್ಯುಲರ್ ಬೇಕು?

ಉತ್ತರ: 8×42 ಸಾಕು: ಎಂಟು ಪಟ್ಟು ದೊಡ್ಡದು ಮಾಡುತ್ತದೆ, ಮುಂದಿನ ಮಸೂರದ ಅಗಲ 42 ಮಿ.ಮೀ. ಹತ್ತು ಪಟ್ಟು ದೊಡ್ಡದು ಮಾಡುವಂಥದ್ದು ಗಾಳಿಯಲ್ಲಿ ಕೈನಡುಕವನ್ನೂ ಅಷ್ಟೇ ಪಟ್ಟು ದೊಡ್ಡದು ಮಾಡುತ್ತದೆ. ಮೊಣಕೈಗಳನ್ನು ಮಂಡಿಗೆ ಊರಿ ಕೂತು ನೋಡಿ, ಸೂರ್ಯ ಬೆನ್ನಿಗಿರಲಿ. ಗೂಡಿನ ನೇರ ಮೇಲಿಂದ ಬಗ್ಗಿ ನೋಡಲೇಬೇಡಿ: ಅಂಚಿಗೆ ಸಮಾನಾಂತರವಾಗಿ ಬಿರುಕಿದ್ದರೆ ಆ ಮಣ್ಣು ಯಾವಾಗ ಬೇಕಾದರೂ ಕುಸಿಯಬಹುದು. ಗುಡ್ಡ ಒಳಬಾಗಿದ ಕಡೆ ನಿಂತು ಎದುರಿನ ಬಂಡೆ ನೋಡುವುದು ಸರಿಯಾದ ದಾರಿ. ಹಕ್ಕಿಗಳು ಕೂಗುತ್ತ ನಿಮ್ಮ ಮೇಲೆ ಸುತ್ತತೊಡಗಿದರೆ ಹತ್ತಿರವಾದಿರಿ ಎಂದರ್ಥ. ತಾಯಿ ಎದ್ದ ಗೂಡಿನಲ್ಲಿ ಮೊಟ್ಟೆ ಬಿಸಿಲಿಗೆ ಬಿದ್ದಿರುತ್ತದೆ. ಕೂಗು ನಿಲ್ಲುವವರೆಗೂ ಹಿಂದೆ ಸರಿಯಿರಿ.