ರಾತ್ರಿಯಿಡೀ ಹೊರಗೇ ಉಳಿದ ಅನ್ನ, ಹುಳಿ, ಪಲ್ಯವನ್ನು ಬೆಳಿಗ್ಗೆ ಕುದಿಸಿ ತಿನ್ನಬಹುದೇ?

ರಾತ್ರಿ ಎಂಟು ಗಂಟೆಗೆ ಮಾಡಿದ ಅನ್ನ, ತೊಗರಿಬೇಳೆ ಹುಳಿ ಮತ್ತು ಬೀನ್ಸ್ ಪಲ್ಯವನ್ನು ಫ್ರಿಜ್‌ನಲ್ಲಿ ಇಡಲು ಮರೆತು ಮಲಗಿಬಿಟ್ಟಿರಿ; ಬೆಳಿಗ್ಗೆ ಏಳಕ್ಕೆ ಮುಚ್ಚಳ ತೆಗೆದು ನೋಡಿದರೆ ಯಾವುದೂ ಹಳಸಿದ ವಾಸನೆ ಬರುತ್ತಿಲ್ಲ; ಅನ್ನಕ್ಕೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿ, ಹುಳಿಯನ್ನು ಚೆನ್ನಾಗಿ ಕುದಿಸಿ ಆಫೀಸಿಗೆ ಡಬ್ಬಿ ಕಟ್ಟಿಕೊಂಡು ಹೋಗಬಹುದೇ ಎಂದು ಕೇಳಿದ್ದೀರಿ. ಅಜ್ಜಿಯ ಕಾಲದಲ್ಲಿ ಫ್ರಿಜ್ ಇರಲೇ ಇಲ್ಲವಲ್ಲ ಎಂಬ ಮಾತನ್ನೂ ಸೇರಿಸಿದ್ದೀರಿ. ಬೆಂಗಳೂರಿನಲ್ಲಿ ನೂರಾರು ಜನರಿಗೆ ಊಟ ಸಿದ್ಧಪಡಿಸುವ ಒಂದು ಅಡುಗೆಮನೆಯಲ್ಲಿ ಶುಚಿತ್ವ ಮತ್ತು ಸುರಕ್ಷತೆಯನ್ನು ನೋಡಿಕೊಳ್ಳುವುದು ನನ್ನ ಕೆಲಸವಾದ್ದರಿಂದ ಈ ಪ್ರಶ್ನೆಗೆ ಸ್ವಲ್ಪ ವಿವರವಾಗಿ ಉತ್ತರಿಸುತ್ತೇನೆ.

ಅನ್ನವನ್ನೂ ಪಲ್ಯವನ್ನೂ ಚೆಲ್ಲಿಬಿಡಿ. ಹುಳಿಯ ವಿಷಯದಲ್ಲಿ ಸ್ವಲ್ಪ ವಾದಕ್ಕೆ ಅವಕಾಶವಿದೆಯಾದರೂ ನಾನಾದರೆ ಅದನ್ನೂ ಉಳಿಸಿಕೊಳ್ಳುವುದಿಲ್ಲ.

ಮೂರರಲ್ಲಿ ಹೆಚ್ಚು ಅಪಾಯಕಾರಿಯಾದುದು ಅನ್ನವೇ ಎಂದರೆ ನಮ್ಮವರು ಸುಲಭವಾಗಿ ಒಪ್ಪುವುದಿಲ್ಲ. ಮಾಂಸ, ಮೀನು, ಹಾಲು ಕೆಡುತ್ತವೆ ಎಂಬ ಎಚ್ಚರಿಕೆ ಎಲ್ಲರಲ್ಲೂ ಇದೆ. ಬಿಳಿ ಅನ್ನದ ಮೇಲೆ ಯಾರಿಗೂ ಅನುಮಾನವಿಲ್ಲ. ಆದರೆ ಮಣ್ಣಿನಲ್ಲಿ ಸಹಜವಾಗಿಯೇ ಇರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಅಕ್ಕಿಯ ಜೊತೆಯಲ್ಲೇ ಮನೆಗೆ ಬರುತ್ತವೆ. ಅಕ್ಕಿಯನ್ನು ಎಷ್ಟು ಸಲ ತೊಳೆದರೂ ಅವು ಪೂರ್ತಿ ಹೋಗುವುದಿಲ್ಲ, ಕುದಿಯುವ ನೀರಿನಲ್ಲಿ ಅನ್ನ ಬೆಂದರೂ ಎಲ್ಲವೂ ಸಾಯುವುದಿಲ್ಲ. ಅನ್ನ ಬೆಂದು ಆರತೊಡಗಿ ಉಗುರುಬೆಚ್ಚಗಿನ ಹಂತಕ್ಕೆ ಬಂದಾಗ ಈ ಬೀಜಾಣುಗಳು ಎಚ್ಚೆತ್ತು, ತೇವವೂ ಪಿಷ್ಟವೂ ಧಾರಾಳವಾಗಿರುವ ಆ ಜಾಗದಲ್ಲಿ ಗಂಟೆಗಟ್ಟಲೆ ಬೆಳೆದು, ಸೀರ್ಯೂಲೈಡ್ ಎಂಬ ವಿಷವನ್ನು ಉತ್ಪತ್ತಿ ಮಾಡಬಲ್ಲವು. ಈ ವಿಷವನ್ನು 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆಗೂ ಹೆಚ್ಚು ಕಾಲ ಕಾಯಿಸಿದರೂ ಅದು ನಾಶವಾಗುವುದಿಲ್ಲ. ಹಾಗಿರುವಾಗ ಬಾಣಲೆಯಲ್ಲಿ ಐದು ನಿಮಿಷ ಕೈಯಾಡಿಸುವ ಒಗ್ಗರಣೆಯಿಂದ ಏನಾಗಬೇಕು? ಬೆಳಿಗ್ಗೆ ಹಿಂಡುವ ನಿಂಬೆರಸವೂ ರಾತ್ರಿಯೇ ಸೇರಿಕೊಂಡಿರುವ ವಿಷಕ್ಕೆ ಏನೂ ಮಾಡಲಾರದು. ಅಂದರೆ ಮತ್ತೆ ಬಿಸಿಮಾಡುವುದರಿಂದ ಬದುಕಿರುವ ಬ್ಯಾಕ್ಟೀರಿಯಾ ಬಹುಪಾಲು ಸಾಯುತ್ತದೆ, ಅದು ಬಿಟ್ಟುಹೋದ ವಿಷ ಹಾಗೆಯೇ ಉಳಿಯುತ್ತದೆ.

ಇದು ಬರೀ ಪ್ರಯೋಗಾಲಯದ ಮಾತಲ್ಲ. 1970ರ ದಶಕದ ಆರಂಭದಲ್ಲಿ ಬ್ರಿಟನ್‌ನ ಚೀನೀ ಹೋಟೆಲುಗಳಲ್ಲಿ ಫ್ರೈಡ್ ರೈಸ್ ತಿಂದವರು ಕೆಲವೇ ಗಂಟೆಗಳಲ್ಲಿ ವಾಂತಿ ಮಾಡಿಕೊಂಡ ಪ್ರಕರಣಗಳು ಒಂದರ ಹಿಂದೆ ಒಂದರಂತೆ ವರದಿಯಾದವು. ಅಲ್ಲಿನ ಅಡುಗೆಯವರು ಅನ್ನವನ್ನು ಮೊದಲೇ ಬೇಯಿಸಿ, ಫ್ರಿಜ್‌ನಲ್ಲಿಟ್ಟರೆ ಅಗುಳು ಅಂಟಿಕೊಳ್ಳುತ್ತದೆ ಎಂದು ಹೊರಗೇ ಬಿಟ್ಟು, ಆಮೇಲೆ ಹುರಿದು ಬಡಿಸುತ್ತಿದ್ದುದು ಕಾರಣವೆಂದು ಗೊತ್ತಾಯಿತು. ಅನ್ನ ಉದುರುದುರಾಗಿರಲಿ ಎಂದು ರಾತ್ರಿಯದನ್ನು ಬೆಳಗಿನ ಚಿತ್ರಾನ್ನಕ್ಕೆ ಹೊರಗೇ ಇಟ್ಟುಕೊಳ್ಳುವ ನಮ್ಮ ಮನೆಗಳ ಪದ್ಧತಿಗೂ ಅದಕ್ಕೂ ಒಗ್ಗರಣೆಯ ವ್ಯತ್ಯಾಸವಷ್ಟೇ ಇದೆ. ಚಿತ್ರಾನ್ನಕ್ಕೆ ತಣ್ಣಗಿನ ಅನ್ನ ಬೇಕು ನಿಜ, ಆದರೆ ಅದು ಫ್ರಿಜ್‌ನಲ್ಲಿ ತಣ್ಣಗಾದ ಅನ್ನವಾಗಿದ್ದರೂ ಆಗುತ್ತದೆ. ಕೈಯಲ್ಲಿ ಸ್ವಲ್ಪ ಉದುರಿಸಿಕೊಂಡರೆ ಸಾಕು.

ವಾಸನೆ ಬಂದಿಲ್ಲ ಎನ್ನುವುದು ನಿಮ್ಮ ಮುಖ್ಯ ಸಮಾಧಾನವಾಗಿದೆ. ಅನ್ನ ಹಳಸಿದ ವಾಸನೆ, ಸಾರಿನ ಮೇಲಿನ ನೊರೆ, ಪಲ್ಯದಲ್ಲಿ ಏಳುವ ನೂಲು, ಇವೆಲ್ಲ ಕೆಡಿಸುವ ಸೂಕ್ಷ್ಮಜೀವಿಗಳ ಗುರುತುಗಳು. ಕಾಯಿಲೆ ತರುವ ಸೂಕ್ಷ್ಮಜೀವಿಗಳು ಬಹಳಷ್ಟು ಸಲ ಬೇರೆಯೇ ಆಗಿದ್ದು, ಆಹಾರದ ಬಣ್ಣ, ರುಚಿ, ವಾಸನೆ ಯಾವುದನ್ನೂ ಬದಲಿಸದೆ ಬೆಳೆಯುತ್ತವೆ. ಆದ್ದರಿಂದ ವಾಸನೆ ಬಂದರೆ ಚೆಲ್ಲಬೇಕು ಎನ್ನುವುದು ಸರಿ, ವಾಸನೆ ಬಾರದಿದ್ದರೆ ತಿನ್ನಬಹುದು ಎನ್ನುವುದು ತಪ್ಪು. ನೋಡಬೇಕಾದುದು ಗಡಿಯಾರವನ್ನು. ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಇಡಬೇಡಿ, ಬಿಸಿಯಾಗಿ ಇಡುವುದಾದರೆ 60 ಡಿಗ್ರಿಗಿಂತ ಮೇಲೆ, ತಣ್ಣಗೆ ಇಡುವುದಾದರೆ 5 ಡಿಗ್ರಿಗಿಂತ ಕೆಳಗೆ ಇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಮ ಅಡುಗೆ ಈ ಎರಡರ ನಡುವೆ ಸುಮಾರು ಹತ್ತು ಗಂಟೆ ಕಳೆದಿದೆ.

ಬೆಂಗಳೂರು ತಂಪಾದ ಊರು, ಇಲ್ಲಿ ಅಷ್ಟು ಬೇಗ ಕೆಡುವುದಿಲ್ಲ ಎಂಬ ನಂಬಿಕೆಯೂ ಇದೆ. ಡಿಸೆಂಬರ್ ರಾತ್ರಿ ಹೊರಗೆ 15 ಅಥವಾ 16 ಡಿಗ್ರಿ ಇದ್ದರೂ ಅದು 5 ಡಿಗ್ರಿಗಿಂತ ಎಷ್ಟೋ ಮೇಲಿದೆ, ಅದರಲ್ಲೂ ಅಡುಗೆಮನೆಯ ಒಳಗೆ ಅಷ್ಟು ಚಳಿಯೂ ಇರುವುದಿಲ್ಲ. ಬೆಳವಣಿಗೆ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಬೇಸಿಗೆಯ ಮಾತಂತೂ ಹೇಳುವುದೇ ಬೇಡ. 2016ರ ಏಪ್ರಿಲ್‌ನಲ್ಲಿ ಈ ಊರಿನ ಉಷ್ಣಾಂಶ 39.2 ಡಿಗ್ರಿ ಮುಟ್ಟಿತ್ತು. ಅಂತಹ ದಿನಗಳಲ್ಲಿ ಎರಡು ಗಂಟೆಯ ಲೆಕ್ಕವನ್ನು ಒಂದಕ್ಕೆ ಇಳಿಸಬೇಕು.

ಕೋಣೆಯ ಉಷ್ಣಾಂಶಕ್ಕಿಂತಲೂ ಪಾತ್ರೆಯ ನಡುವಿನ ಉಷ್ಣಾಂಶ ಮುಖ್ಯ ಎನ್ನುವುದು ನನ್ನ ಕೆಲಸದಲ್ಲಿ ದಿನವೂ ಕಣ್ಣಿಗೆ ಬೀಳುವ ಸಂಗತಿ. ಮಧ್ಯಾಹ್ನದ ಊಟ ಮುಗಿದು ಬಹಳ ಹೊತ್ತಾದ ಮೇಲೆ ಕೊಳಗದಲ್ಲಿ ಉಳಿದ ಅನ್ನಕ್ಕೆ ಥರ್ಮಾಮೀಟರಿನ ಕಡ್ಡಿಯನ್ನು ಚುಚ್ಚಿದರೆ, ಮೇಲ್ಪದರ ಆರಿ ಅಗುಳು ಒಣಗಿದಂತಿದ್ದರೂ ನಡುವಿನಲ್ಲಿ 40 ಡಿಗ್ರಿಯ ಆಸುಪಾಸಿನ ಬಿಸಿ ಇನ್ನೂ ಉಳಿದಿರುತ್ತದೆ. ಕಡ್ಡಿಯನ್ನು ಹೊರತೆಗೆದಾಗ ಅದರ ತುದಿಯಲ್ಲಿ ಬೆವರಿದ ಹಾಗೆ ನೀರಿನ ಹನಿಗಳು ಕೂತಿರುತ್ತವೆ. ಬ್ಯಾಕ್ಟೀರಿಯಾಕ್ಕೆ ಅದಕ್ಕಿಂತ ಹಿತವಾದ ಜಾಗ ಇನ್ನೊಂದಿಲ್ಲ. ಅನ್ನದ ರಾಶಿ ಎರಡು ಪಟ್ಟು ದಪ್ಪವಾದರೆ ಅದರ ನಡುಭಾಗ ಆರಲು ಬೇಕಾಗುವ ಸಮಯ ಸುಮಾರು ನಾಲ್ಕು ಪಟ್ಟಾಗುತ್ತದೆ. ಮನೆಯಲ್ಲಿ ಕುಕ್ಕರಿನೊಳಗೇ ಮುಚ್ಚಳ ಹಾಕಿ ಬಿಟ್ಟ ಅನ್ನದ ಸ್ಥಿತಿಯೂ ಸಣ್ಣ ಪ್ರಮಾಣದಲ್ಲಿ ಇದೇ.

ಹುಳಿಯ ವಿಷಯಕ್ಕೆ ಬರೋಣ. ಹುಣಸೆಹಣ್ಣಿನ ಆಮ್ಲ ಬ್ಯಾಕ್ಟೀರಿಯಾವನ್ನು ಸ್ವಲ್ಪ ತಡೆಯುತ್ತದೆ ಎನ್ನುವುದು ನಿಜ. ಪುಳಿಯೋಗರೆಯ ಗೊಜ್ಜು ದಿನಗಟ್ಟಲೆ ಇರುವುದು ಆ ಆಮ್ಲ, ಉಪ್ಪು, ಎಣ್ಣೆ ಮತ್ತು ನೀರಿನಂಶವಿಲ್ಲದಂತೆ ಕುದಿಸಿ ಇಂಗಿಸಿದ್ದರಿಂದ. ಬೇಳೆ, ತರಕಾರಿ, ರುಬ್ಬಿದ ತೆಂಗಿನಕಾಯಿ ಸೇರಿದ ಹುಳಿ ಅಷ್ಟು ಹುಳಿಯಾಗಿರುವುದಿಲ್ಲ, ನೀರೂ ಧಾರಾಳವಾಗಿರುತ್ತದೆ. ಗಟ್ಟಿ ಸಾರು, ಮಾಂಸದ ಸಾರುಗಳು ದೊಡ್ಡ ಪಾತ್ರೆಯಲ್ಲಿ ನಿಧಾನವಾಗಿ ಆರುವಾಗ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಬೆಳೆಯುತ್ತದೆ. ಇದು ಹೊಟ್ಟೆಯೊಳಗೆ ಸೇರಿದ ಮೇಲೆ ವಿಷ ಮಾಡುವ ಜಾತಿಯಾದ್ದರಿಂದ ಚೆನ್ನಾಗಿ ಕುದಿಸಿದರೆ ಅಪಾಯ ತಗ್ಗುತ್ತದೆ, ನಾನು ವಾದಕ್ಕೆ ಅವಕಾಶವಿದೆ ಎಂದದ್ದು ಈ ಕಾರಣಕ್ಕೆ. ಆದರೆ ಊಟದ ನಡುವೆ ಎಷ್ಟು ಕೈ, ಎಷ್ಟು ಸೌಟು ಅದರಲ್ಲಿ ಆಡಿದೆಯೋ ಯಾರಿಗೆ ಗೊತ್ತು? ಚರ್ಮದ ಮೇಲಿನ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಆಹಾರದಲ್ಲಿ ಬಿಡುವ ವಿಷವೂ ಕುದಿಸಿದರೆ ಹೋಗುವುದಿಲ್ಲ. ಪಲ್ಯಕ್ಕೆ ಹಸಿ ಕಾಯಿತುರಿ ಉದುರಿಸಿದ್ದರೆ ಅದರ ಬಗ್ಗೆ ಚರ್ಚೆಯೇ ಬೇಡ.

ಇನ್ನು ಅಜ್ಜಿಯ ಕಾಲ. ಆ ಮಾತನ್ನು ನಾನು ತಳ್ಳಿಹಾಕುವುದಿಲ್ಲ, ಏಕೆಂದರೆ ಹಿಂದಿನವರು ಫ್ರಿಜ್ ಇಲ್ಲದೆ ಬದುಕಿದ್ದು ಕೇವಲ ಅದೃಷ್ಟದಿಂದಲ್ಲ. ಹೊತ್ತು ಹೊತ್ತಿಗೆ ಬೇಕಾದಷ್ಟೇ ಬೇಯಿಸುತ್ತಿದ್ದರು. ಮಿಕ್ಕಿದ್ದು ಕಲಗಚ್ಚಿನ ಜೊತೆ ದನಕ್ಕೆ ಹೋಗುತ್ತಿತ್ತು. ಬಸ್ಸಾರನ್ನು ಬೆಳಿಗ್ಗೆ ಸಂಜೆ ತಪ್ಪದೆ ಕುದಿಸಿ, ಕುದಿಸಿದ ಮೇಲೆ ಸೌಟು ಹಾಕುತ್ತಿರಲಿಲ್ಲ. ರಾತ್ರಿಯ ಅನ್ನಕ್ಕೆ ನೀರು, ಮಜ್ಜಿಗೆ ಹಾಕಿ ಇಡುತ್ತಿದ್ದ ತಂಗಳನ್ನದಲ್ಲಿ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ ಬೆಳೆದು ಹುಳಿಯಾಗುವುದರಿಂದ ಉಳಿದವುಗಳಿಗೆ ಬೆಳೆಯಲು ಕಷ್ಟವಾಗುತ್ತದೆ. ಕುಕ್ಕರಿನಲ್ಲಿ ಸುಮ್ಮನೆ ಬಿಟ್ಟ ಅನ್ನ ತಂಗಳನ್ನವಲ್ಲ. ಜೊತೆಗೆ, ಆ ಕಾಲದಲ್ಲಿ ವಾಂತಿಯೋ ಭೇದಿಯೋ ಆದರೆ ದೃಷ್ಟಿಯಾಯಿತು, ಉಷ್ಣವಾಯಿತು ಎಂದುಕೊಂಡದ್ದರಲ್ಲಿ ಎಷ್ಟು ಪಾಲು ಹಿಂದಿನ ರಾತ್ರಿಯ ಅಡುಗೆಯದ್ದಾಗಿತ್ತೋ ಯಾರೂ ಲೆಕ್ಕ ಇಟ್ಟಿಲ್ಲ.

ಮುಂದಿನ ಸಲಕ್ಕೆ ಮಾಡಬಹುದಾದುದು ಬಹಳ ಸುಲಭ. ಬಿಸಿ ಪಾತ್ರೆಯನ್ನು ಫ್ರಿಜ್‌ನಲ್ಲಿ ಇಡಬಾರದು ಎಂದು ಕಾಯುತ್ತಾ ಕೂತು ನಿದ್ದೆ ಹೋಗುವುದರಿಂದಲೇ ಅರ್ಧ ಮನೆಗಳಲ್ಲಿ ಹೀಗಾಗುತ್ತದೆ. ಊಟವಾದ ಕೂಡಲೇ ಉಳಿದ ಅನ್ನವನ್ನು ಅಗಲವಾದ ತಟ್ಟೆಗೆ ತೆಳುವಾಗಿ ಹರಡಿ, ಹುಳಿಯನ್ನು ಸಣ್ಣ ಡಬ್ಬಿಗಳಿಗೆ ಬಗ್ಗಿಸಿದರೆ ಪಾತ್ರೆ ತೊಳೆದು ಮುಗಿಸುವಷ್ಟರಲ್ಲಿ ಹಬೆ ಹೋಗಿರುತ್ತದೆ; ಇನ್ನೂ ಸ್ವಲ್ಪ ಬೆಚ್ಚಗಿದ್ದರೂ ಒಳಗಿಡಿ, ಫ್ರಿಜ್‌ಗೆ ಏನೂ ಆಗುವುದಿಲ್ಲ. ಅನ್ನವನ್ನು ಮರುದಿನವೇ ಮುಗಿಸಿ, ಒಂದೇ ಸಲ ಹಬೆಯಾಡುವಷ್ಟು ಬಿಸಿಮಾಡಿ.

ಒಂದು ವೇಳೆ ಈ ಉತ್ತರ ಓದುವ ಮೊದಲೇ ನೀವು ತಿಂದಿದ್ದರೆ ಗಾಬರಿ ಬೇಡ. ತಿಂದವರಿಗೆಲ್ಲ ಕಾಯಿಲೆ ಬರುವುದಿಲ್ಲ. ಅನ್ನದ ವಿಷವಾದರೆ ಸಾಮಾನ್ಯವಾಗಿ ಒಂದರಿಂದ ಆರು ಗಂಟೆಯೊಳಗೆ ವಾಂತಿಯಾಗುತ್ತದೆ, ಬೇರೆ ಬಗೆಯದಾದರೆ ಆರು ಗಂಟೆಯ ನಂತರ ಹೊಟ್ಟೆನೋವು ಮತ್ತು ಭೇದಿ ಶುರುವಾಗುತ್ತದೆ, ಹೆಚ್ಚಿನವರಿಗೆ ಒಂದು ದಿನದಲ್ಲಿ ಕಡಿಮೆಯಾಗುತ್ತದೆ. ಬಲವಂತವಾಗಿ ವಾಂತಿ ಮಾಡಿಕೊಳ್ಳಬೇಡಿ. ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದಷ್ಟು ನೀರಿಗೆ ಬೆರೆಸಿ ಗುಟುಕು ಗುಟುಕಾಗಿ ಕುಡಿಯುತ್ತಿರಿ. ಕುಡಿದ ನೀರೂ ನಿಲ್ಲದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಜೋರು ಜ್ವರ ಬಂದರೆ, ಮೂತ್ರ ಬಹಳ ಕಡಿಮೆಯಾದರೆ, ಅಥವಾ ತಿಂದವರು ಚಿಕ್ಕ ಮಕ್ಕಳು, ವಯಸ್ಸಾದವರು, ಗರ್ಭಿಣಿಯರಾಗಿದ್ದು ಈ ಯಾವುದೇ ತೊಂದರೆ ಶುರುವಾದರೆ, ತಡಮಾಡದೆ ವೈದ್ಯರಲ್ಲಿಗೆ ಹೋಗಿ ಏನು ತಿಂದಿರಿ, ಎಷ್ಟು ಹೊತ್ತಿಗೆ ತಿಂದಿರಿ ಎಂಬುದನ್ನು ಮೊದಲು ಹೇಳಿ.