ಸೋರ್‌ಡೋ ಸ್ಟಾರ್ಟರ್ ಚೆಲ್ಲಲೇಬೇಕೆ?

ಪ್ರಶ್ನೆ: ಮಗಳಿಗೆ ಗೋಧಿಯ ಗ್ಲುಟೆನ್ ಆಗದು. ಅಕ್ಕಿ, ರಾಗಿ ಹಿಟ್ಟಿನಲ್ಲಿ ಸೋರ್‌ಡೋ (ಹುಳಿ ಹಿಟ್ಟಿನ) ಬ್ರೆಡ್ ಮಾಡುತ್ತೇನೆ. ದಿನಾ ಅರ್ಧ ಸ್ಟಾರ್ಟರ್ (ಹಿಟ್ಟು, ನೀರು ಕಲಸಿ ಹುಳಿಸಿಟ್ಟ ಹೆಪ್ಪು) ಚೆಲ್ಲುವುದಕ್ಕೆ ಮನಸ್ಸು ಬರುವುದಿಲ್ಲ. ಬ್ರೆಡ್ಡಿನ ಒಳಗೂ ಅಂಟಂಟು. ಏನು ಮಾಡಲಿ?

ಉತ್ತರ: ಚೆಲ್ಲುವುದು ಬೇಡವೇ ಬೇಡ. ಫ್ರಿಜ್ಜಿನಲ್ಲಿ 20 ಗ್ರಾಂ ಸ್ಟಾರ್ಟರ್ ಇದ್ದರೆ ಸಾಕು. ಹಿಂದಿನ ರಾತ್ರಿ ಅದಕ್ಕೆ ರಾಗಿ ಹಿಟ್ಟು, ನೀರು ತಲಾ 50 ಗ್ರಾಂ ಕಲಸಿಡಿ. ಬೆಳಿಗ್ಗೆ ಉಬ್ಬಿದ ಮೇಲೆ 20 ಗ್ರಾಂ ಮತ್ತೆ ಫ್ರಿಜ್ಜಿಗೆ, ಉಳಿದ 100 ಗ್ರಾಂ ಬ್ರೆಡ್ಡಿಗೆ. ವಾರಕ್ಕೊಮ್ಮೆ ಹೀಗೆ ಮಾಡಿದರೆ ಸ್ಟಾರ್ಟರ್ ಸೊರಗದು. ಹೆಚ್ಚಾಗಿದ್ದು ದೋಸೆ ಹಿಟ್ಟಿಗೆ ಸೇರಲಿ.

ಅಂಟಿಗೆ ಮುಖ್ಯ ಕಾರಣ ಅವಸರ. 370 ಗ್ರಾಂ ನೀರಿನಲ್ಲಿ 20 ಗ್ರಾಂ ಇಸಬ್‌ಗೋಲ್ ಲೋಳೆಯಾಗುವವರೆಗೆ ನೆನೆಸಿ, 350 ಗ್ರಾಂ ಹಿಟ್ಟು, 8 ಗ್ರಾಂ ಉಪ್ಪು, ಸ್ಟಾರ್ಟರ್ ಸೇರಿಸಿ ನಾದಿ. ಮುಕ್ಕಾಲು ಪಾಲು ಉಬ್ಬಿದಾಗಲೇ ಓವನ್ನಿಗಿಡಿ. ಇನ್ನೂ ಬಿಟ್ಟರೆ ನಡು ಕುಸಿಯುತ್ತದೆ. 220 ಡಿಗ್ರಿಯಲ್ಲಿ ಸುಮಾರು ಒಂದು ಗಂಟೆ ಬೇಯಲಿ, ನಡುವಿನ ಬಿಸಿ 98 ಡಿಗ್ರಿ ಮುಟ್ಟಬೇಕು. ಪೂರ್ತಿ ಆರುವ ಮುನ್ನ ಖಂಡಿತ ಕೊಯ್ಯಬೇಡಿ, ಪಿಷ್ಟ ಗಟ್ಟಿಯಾಗುವುದೇ ಆರುವಾಗ.

ಗೋಧಿ ಬೀಸುವ ಗಿರಣಿಯಲ್ಲಿ ಮಗಳ ರಾಗಿ ಬೀಸಿಸಬೇಡಿ. ಇಂಗಿನ ಡಬ್ಬಿಯನ್ನೂ ಓದಿ, ಅನೇಕದರಲ್ಲಿ ಗೋಧಿ ಹಿಟ್ಟಿರುತ್ತದೆ.